ಪಾರಿವಾಳದ ಸಂಖ್ಯೆ ಯಾರ ಕೈಲಿದೆ? ಮುಂಬೈ ಕಬೂತರ್‌ಖಾನಾ ಜಗಳದ ಒಳಗಿನ ಲೆಕ್ಕ

ದಾದರ್ ಕಬೂತರ್‌ಖಾನಾ, ಅಂದ್ರೆ ಜನ ಪಾರಿವಾಳಕ್ಕೆ ಕಾಳು ಹಾಕೋ ಜಾಗ, ಬಂದ್ ಅಂತ ಒಂದಿನ ಸುದ್ದಿ, ಮಾರನೇ ದಿನ ಕೋರ್ಟು ಬಂದ್ ಮಾಡಿ ಅಂತ ಹೇಳೇ ಇಲ್ವಂತೆ ಅಂತ ಇನ್ನೊಂದು ಸುದ್ದಿ, ಆಮೇಲೆ ನಾಲ್ಕು ಕಡೆ ಕಾಳು ಹಾಕ್ಬಹುದು ಅಂತ ಮತ್ತೊಂದು. ಮಾಟುಂಗಾದಿಂದ ಡೊಂಬಿವ್ಲಿವರೆಗೆ ನಮ್ಮ ಕನ್ನಡದವರ ಗ್ರೂಪುಗಳಲ್ಲಿ ಇದೇ ಪ್ರಶ್ನೆ ಸುತ್ತಾಡ್ತಾ ಇದೆ, ಈಗ ಕಾಳು ಹಾಕ್ಬಹುದಾ ಹಾಕ್ಬಾರದಾ, ಹಾಕಿದ್ರೆ ಪುಣ್ಯಾನಾ ದಂಡಾನಾ ಅಂತ. ದಂಡದ ಉತ್ತರ ಒಂದೇ ಸಾಲಿನದ್ದು: ಗೊತ್ತುಮಾಡಿದ ಜಾಗ, ಗೊತ್ತುಮಾಡಿದ ಹೊತ್ತು ಬಿಟ್ಟು ಬೇರೆ ಕಡೆ ಹಾಕಿದ್ರೆ ಬಿಎಂಸಿ, ಅಂದ್ರೆ ಮುಂಬೈ ಮಹಾನಗರ ಪಾಲಿಕೆ, 500 ರೂಪಾಯಿ ದಂಡ ಹಾಕುತ್ತೆ, ಕೇಸೂ ಆಗ್ಬಹುದು. ಆದ್ರೆ ಈ ಜಗಳದಲ್ಲಿ ಎರಡೂ ಕಡೆಯವರು ಕೈಬಿಟ್ಟಿರೋ ಒಂದು ವಿಷಯ ಇದೆ, ಈ ಊರಲ್ಲಿ ಎಷ್ಟು ಪಾರಿವಾಳ ಇರ್ಬೇಕು ಅನ್ನೋದನ್ನ ನಿಜವಾಗ್ಲೂ ಯಾವುದು ತೀರ್ಮಾನ ಮಾಡುತ್ತೆ ಅನ್ನೋದು. ಅದು ಕೋರ್ಟಿನ ವಿಷಯ ಅಲ್ಲ, ಪರಿಸರ ವಿಜ್ಞಾನದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಇಲ್ಲಿವರೆಗೆ ಆಗಿದ್ದು

2025ರ ಜುಲೈ ಮೊದಲ ವಾರ ಮಹಾರಾಷ್ಟ್ರ ವಿಧಾನ ಪರಿಷತ್ತಲ್ಲಿ ಪಾರಿವಾಳದ ಹಿಕ್ಕೆಯಿಂದ ಜನರ ಶ್ವಾಸಕೋಶಕ್ಕೆ ತೊಂದರೆ ಆಗ್ತಿದೆ ಅನ್ನೋ ಮಾತು ಬಂತು, ಮಂತ್ರಿ ಉದಯ್ ಸಾಮಂತ್ ಅವರು ಮುಂಬೈನ 51 ಕಬೂತರ್‌ಖಾನಾ ಮುಚ್ಚೋಕೆ ಬಿಎಂಸಿಗೆ ಹೇಳ್ತೀವಿ ಅಂದ್ರು. ಬಿಎಂಸಿ ಕೆಲಸ ಶುರು ಮಾಡ್ತು, ಪ್ರಾಣಿಪ್ರಿಯರು ಬಾಂಬೆ ಹೈಕೋರ್ಟಿಗೆ ಹೋದ್ರು. ಹೈಕೋರ್ಟು ಹಳೇ ಪಾರಂಪರಿಕ ಕಟ್ಟಡ ಒಡೀಬೇಡಿ ಅಂತು, ಆದ್ರೆ ಕಾಳು ಹಾಕೋಕೆ ಅವಕಾಶ ಕೊಡ್ಲಿಲ್ಲ, ಜುಲೈ ಕೊನೆಗೆ ನಿಯಮ ಮೀರಿ ಹಾಕೋರ ಮೇಲೆ ಕೇಸು ಹಾಕಿ ಅಂತಲೂ ಹೇಳ್ತು. ಆಗಸ್ಟ್ ಶುರುವಲ್ಲಿ ದಾದರ್‌ನಲ್ಲಿ ತಾಡಪತ್ರಿ ಮುಚ್ಚಿದ್ರು, 6ನೇ ತಾರೀಕು ಜನ ನುಗ್ಗಿ ಅದನ್ನ ಹರಿದು ಹಾಕಿದ್ರು. ಅದಕ್ಕೂ ಮುಂಚೆ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ ಅವರು ಒಮ್ಮೆಲೇ ಮುಚ್ಚೋದು ಸರಿಯಲ್ಲ, ಹಿಡಿತದಲ್ಲಿ ಕಾಳು ಹಾಕೋ ವ್ಯವಸ್ಥೆ ಇರ್ಲಿ ಅಂದಿದ್ರು. ಮುಚ್ಚಿ ಅಂತ ನಾವು ಆದೇಶ ಮಾಡಿಲ್ಲ, ಅದು ಪಾಲಿಕೆಯ ನಿರ್ಧಾರ, ನಾವು ತಡೆ ಕೊಟ್ಟಿಲ್ಲ ಅಷ್ಟೇ ಅಂತ ಹೈಕೋರ್ಟು ಹೇಳಿದ್ದು ಇದೇ ಹೊತ್ತಲ್ಲಿ, ಜನರಿಗೆ ಗೊಂದಲ ಆಗಿದ್ದೂ ಇಲ್ಲೇ. ಸುಪ್ರೀಂ ಕೋರ್ಟು ಮಧ್ಯ ಬರೋಕೆ ಒಪ್ಲಿಲ್ಲ.

ಕೊನೆಗೆ ಅಕ್ಟೋಬರ್ ಕೊನೇಲಿ ಬಿಎಂಸಿ ನಾಲ್ಕು ಜಾಗ ಕೊಡ್ತು. ವರ್ಲಿಯ ನೀರಿನ ರಿಸರ್ವಾಯರ್, ಅಂಧೇರಿ ವೆಸ್ಟ್‌ನ ಲೋಖಂಡ್‌ವಾಲಾ ಹಿಂದಿನ ರಸ್ತೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬದಿ, ಐರೋಲಿ-ಮುಲುಂಡ್ ಚೆಕ್‌ನಾಕಾ ಹತ್ರ, ಬೊರಿವಲಿಯ ಗೊರಾಯಿ ಮೈದಾನ. ಬೆಳಿಗ್ಗೆ 7ರಿಂದ 9ರ ತನಕ ಮಾತ್ರ.

ಇಬ್ಬರ ಮಾತೂ ಸುಳ್ಳಲ್ಲ

ಕಾಳು ಹಾಕೋರ ಕಡೆ ಹೆಚ್ಚಿನವರು ಜೈನ ಸಮಾಜದವರು ಮತ್ತು ಗುಜರಾತಿ ವ್ಯಾಪಾರಿಗಳು, ಆದ್ರೆ ಅವರಷ್ಟೇ ಅಲ್ಲ. ಜೀವದಯೆ ಅವರಿಗೆ ವ್ರತ ಇದ್ದ ಹಾಗೆ. ತಲೆಮಾರುಗಳಿಂದ ಅಲ್ಲೇ ತಿಂದು ಬೆಳೆದ ಹಕ್ಕಿಗೆ ಇದ್ದಕ್ಕಿದ್ದಂತೆ ಅನ್ನ ನಿಲ್ಸಿದ್ರೆ ಅದು ಹಿಂಸೆ ಅಂತಾರೆ, ಸಂವಿಧಾನದ 51ಎ(ಜಿ) ವಿಧಿ ಜೀವಿಗಳ ಮೇಲೆ ಕರುಣೆ ತೋರಿಸೋದು ನಾಗರಿಕರ ಕರ್ತವ್ಯ ಅಂತ ಹೇಳೋದನ್ನೂ ಎತ್ತಿ ತೋರಿಸ್ತಾರೆ. ಕಾರಿನ ಹೊಗೆ, ಕಟ್ಟಡ ಕೆಲಸದ ಧೂಳು ಇದೆಲ್ಲ ಬಿಟ್ಟು ಪಾರಿವಾಳದ ಮೇಲೆ ಯಾಕೆ ಅನ್ನೋದು ಅವರ ಇನ್ನೊಂದು ಪ್ರಶ್ನೆ, ನ್ಯಾಯವಾದ ಪ್ರಶ್ನೆನೇ ಅದು.

ಮುಚ್ಚಿ ಅನ್ನೋರ ಕಡೆ ಡಾಕ್ಟರುಗಳಿದ್ದಾರೆ, ಕಬೂತರ್‌ಖಾನಾ ಅಕ್ಕಪಕ್ಕದ ಹಳೇ ಬಿಲ್ಡಿಂಗಿನ ನಿವಾಸಿಗಳಿದ್ದಾರೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಅನ್ನೋ ಕಾಯಿಲೆ ಇದೆ, ಪಾರಿವಾಳದ ಗರಿಯ ಪುಡಿ ಮತ್ತು ಒಣಗಿದ ಹಿಕ್ಕೆಯಲ್ಲಿರೋ ಪ್ರೋಟೀನು ದಿನಾ ಉಸಿರಲ್ಲಿ ಹೋಗಿ ಹೋಗಿ ಕೆಲವರ ದೇಹ ಅದರ ಮೇಲೆ ತಿರುಗಿಬೀಳುತ್ತೆ, ಶ್ವಾಸಕೋಶ ಊದಿಕೊಳ್ಳುತ್ತೆ, ವರ್ಷಗಟ್ಟಲೆ ಹಾಗೇ ಬಿಟ್ರೆ ಗಾಯದ ಕಲೆ ತರ ಗಟ್ಟಿಯಾಗುತ್ತೆ. ಹಾಗೆ ಗಟ್ಟಿಯಾದ ಭಾಗ ಮತ್ತೆ ಮೊದಲಿನಂತೆ ಆಗಲ್ಲ. ಎಲ್ಲರಿಗೂ ಬರಲ್ಲ ಇದು, ಎಷ್ಟು ಹತ್ರ ಇದೀವಿ ಎಷ್ಟು ದಿನ ಇದೀವಿ ನಮ್ಮ ದೇಹದ ಪ್ರಕೃತಿ ಹೇಗಿದೆ ಇದೆಲ್ಲ ಸೇರುತ್ತೆ. ಜೊತೆಗೆ ಹಿಕ್ಕೆಯಲ್ಲಿ ಬೆಳೆಯೋ ಶಿಲೀಂಧ್ರದಿಂದ ಬರೋ ಕ್ರಿಪ್ಟೊಕೊಕೋಸಿಸ್ ಇದೆ, ರೋಗನಿರೋಧಕ ಶಕ್ತಿ ಕಮ್ಮಿ ಇರೋರಿಗೆ ಅದು ಅಪಾಯ. ಎಲ್ಲರಿಗೂ ಬರಲ್ಲ ಅಂತ ಈ ಮಾತನ್ನ ತಳ್ಳಿಹಾಕೋದು ನನಗೆ ತಪ್ಪು ಅನ್ಸುತ್ತೆ, ಯಾಕಂದ್ರೆ ಕಿಟಕಿ ಪಕ್ಕ ದಿನವಿಡೀ ಇರೋರು ಮನೆಯ ವಯಸ್ಸಾದವರು, ಅವರಿಗೆ ಬೇರೆ ಜಾಗ ಹುಡುಕಿಕೊಂಡು ಹೋಗೋ ಆಯ್ಕೆ ಇಲ್ಲ.

ಬಂಡೆಯ ಹಕ್ಕಿ

ಪಾರಿವಾಳ ಹೊರಗಿಂದ ಬಂದ ಹಕ್ಕಿ ಅಲ್ಲ. ಕೊಲಂಬಾ ಲಿವಿಯಾ ಅನ್ನೋ ಈ ಜಾತಿ ಕಡಿದಾದ ಬಂಡೆಯ ಸಂದಲ್ಲಿ, ಸಮುದ್ರದಂಚಿನ ಕಲ್ಲಿನ ಗೋಡೆಯಲ್ಲಿ ಗೂಡು ಕಟ್ಟೋದು. ಬಾದಾಮಿಯ ಬಂಡೆಗಳಲ್ಲಿ, ಸಹ್ಯಾದ್ರಿಯ ಕೋಟೆಗಳಲ್ಲಿ, ಬಯಲುಸೀಮೆಯ ಹಾಳುಬಾವಿಗಳ ಒಳಗೋಡೆಯಲ್ಲಿ ಇದನ್ನ ಈಗಲೂ ನೋಡ್ಬಹುದು. ಮರದ ಕೊಂಬೆ ಮೇಲೆ ಗೂಡು ಕಟ್ಟೋ ಅಭ್ಯಾಸ ಇದಕ್ಕಿಲ್ಲ, ಅದಕ್ಕೇ ಮರ ಕಡಿದ್ರೂ ಇದಕ್ಕೆ ಏನೂ ಆಗಲ್ಲ, ಬಿಲ್ಡಿಂಗ್ ಎದ್ದಷ್ಟೂ ಒಳ್ಳೇದೇ. ಎಸಿ ಔಟ್‌ಡೋರ್ ಯೂನಿಟ್ ಹಿಂದಿನ ಸಂದು, ಡಕ್ಟ್, ಬಾತ್‌ರೂಮಿನ ವೆಂಟಿಲೇಟರ್ ಮೇಲಿನ ಅಂಚು, ಹಕ್ಕಿ ಕಣ್ಣಿಗೆ ಇದೆಲ್ಲ ಬಂಡೆಯ ಸಂದೇ. ಒಂದು ಜೀವಿಗೆ ಯಾವ ಜಾಗ ಬೇಕು, ಏನು ತಿನ್ನುತ್ತೆ, ಯಾವಾಗ ಮರಿ ಮಾಡುತ್ತೆ, ಯಾರಿಗೆ ಆಹಾರ ಆಗುತ್ತೆ, ಈ ಎಲ್ಲಾ ಸೇರಿದ ಬದುಕಿನ ಪಾತ್ರಕ್ಕೆ ಪರಿಸರ ವಿಜ್ಞಾನದಲ್ಲಿ ನಿಶ್ ಅಂತಾರೆ. ಮುಂಬೈ ತನಗೆ ಗೊತ್ತಿಲ್ಲದೇ ಪಾರಿವಾಳದ ನಿಶ್‌ಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಬೆಳೆದ ಊರು.

ಹಾಗಾಗಿ ಜಾಗಕ್ಕೆ ಇಲ್ಲಿ ಕೊರತೆ ಇಲ್ಲ. ಕೊರತೆ ಇದ್ರೆ ಅದು ಊಟದ್ದು ಮಾತ್ರ, ಇಡೀ ವಿಷಯ ನಿಂತಿರೋದು ಇದರ ಮೇಲೆ.

ಊಟ ಎಷ್ಟೋ ಹಕ್ಕಿ ಅಷ್ಟು

ಯಾವ ಜೀವಿಯ ಸಂಖ್ಯೆ ಆದ್ರೂ ಎಲ್ಲೋ ಒಂದು ಕಡೆ ಹೋಗಿ ನಿಲ್ಲುತ್ತೆ, ಒಂದು ಪರಿಸರ ಎಷ್ಟನ್ನ ಸಾಕಬಲ್ಲದೋ ಅಲ್ಲಿಗೆ. ಅದು ಧಾರಣಾ ಸಾಮರ್ಥ್ಯ. ನಿಲ್ಲಿಸೋದು ಯಾವುದು ಅಂದ್ರೆ ಬೇಕಾದ ವಸ್ತುಗಳಲ್ಲಿ ಯಾವುದು ಎಲ್ಲಕ್ಕಿಂತ ಬೇಗ ಖಾಲಿ ಆಗುತ್ತೋ ಅದು, ಅಂದ್ರೆ ಮಿತಿಕಾರಕ. ನೀರು, ಗೂಡಿನ ಜಾಗ, ಆಹಾರ, ಶತ್ರು ಇವುಗಳಲ್ಲಿ ಒಂದು ಇರುತ್ತೆ ಸಾಮಾನ್ಯವಾಗಿ. ಮುಂಬೈನ ಪಾರಿವಾಳಕ್ಕೆ ಅದು ಕಾಳು.

ಹೇಗೆ ಅಂದ್ರೆ, ಹಕ್ಕಿ ದಿನಕ್ಕೆ ತಿನ್ನೋದು ಮೂವತ್ತು ಗ್ರಾಂ ಆಸುಪಾಸು. ಒಂದು ಸಲಕ್ಕೆ ಎರಡು ಮೊಟ್ಟೆ, ಹದಿನೆಂಟು ದಿನ ಆಸುಪಾಸು ಕಾವು, ಮರಿ ಹಾರೋಕೆ ಒಂದು ತಿಂಗಳ ಮೇಲೆ. ಹೊಟ್ಟೆ ತುಂಬಿದ್ರೆ ಮೊದಲ ಮರಿ ಹಾರೋ ಮುಂಚೆನೇ ಮುಂದಿನ ಮೊಟ್ಟೆ ಇಟ್ಟುಬಿಡುತ್ತೆ, ವರ್ಷವಿಡೀ ನಡೆಯುತ್ತೆ ಇದು. ಇದಕ್ಕೆ ಕಾರಣ ಪಾರಿವಾಳದ ಒಂದು ಅಪರೂಪದ ಶಕ್ತಿ. ಗಂಡು ಹೆಣ್ಣು ಎರಡೂ ತಮ್ಮ ಗಂಟಲ ಚೀಲದಲ್ಲಿ ಒಂದು ತರದ ಹಾಲು ಮಾಡಿ ಮರಿಗೆ ಕೊಡ್ತವೆ. ಬೇರೆ ಹೆಚ್ಚಿನ ಹಕ್ಕಿಗಳು ಮರಿಗೆ ಹುಳ ತಂದು ಕೊಡ್ಬೇಕು, ಹುಳ ಸಿಗೋ ಋತುವಿಗೆ ಕಾಯ್ಬೇಕು. ಪಾರಿವಾಳಕ್ಕೆ ಕಾಯೋದಿಲ್ಲ, ತನಗೆ ಕಾಳು ಸಿಕ್ಕಿದ್ರೆ ಆಯ್ತು, ಅದೇ ಹಾಲಾಗುತ್ತೆ.

ಊರ ಕಡೆ ಹೇಗಿತ್ತು ನೋಡಿ. ಸುಗ್ಗಿಯಲ್ಲಿ ಕಣದ ಸುತ್ತ ಚೆಲ್ಲಿದ ಕಾಳಿಗೆ ಹಕ್ಕಿ ಬರ್ತಿದ್ವು, ಸುಗ್ಗಿ ಮುಗಿದು ಮೂರ್ನಾಲ್ಕು ತಿಂಗಳಿಗೆ ಕಾಳು ಕಮ್ಮಿ ಆಗ್ತಿತ್ತು, ಮರಿ ಮಾಡೋದೂ ಕಮ್ಮಿ ಆಗ್ತಿತ್ತು, ಆ ಬರಗಾಲವೇ ಸಂಖ್ಯೆಯನ್ನ ಹಿಡಿದಿಡ್ತಿತ್ತು. ದಾದರ್‌ನಲ್ಲಿ ಆ ಬರಗಾಲ ಬರೋದೇ ಇಲ್ಲ. ಜೋಳ, ಕಡಲೆ ಮೂಟೆಗಟ್ಟಲೆ ಹೊರಗಿನ ಹೊಲಗಳಿಂದ ಬರುತ್ತೆ, ಅಂದ್ರೆ ಈ ಹಕ್ಕಿಗಳನ್ನ ಸಾಕ್ತಿರೋದು ಮುಂಬೈನ ನೆಲ ಅಲ್ಲ, ನೂರಾರು ಮೈಲಿ ದೂರದ ಮಣ್ಣು ಮತ್ತು ಬಿಸಿಲು. ಕಾಡಲ್ಲಾದ್ರೆ ಗಿಡಗಳು ಹಿಡಿದ ಬಿಸಿಲಿನ ಶಕ್ತಿಯಲ್ಲಿ ಸಣ್ಣ ಪಾಲು ಮಾತ್ರ ಕಾಳು ತಿನ್ನೋ ಜೀವಿಗೆ ದಾಟುತ್ತೆ, ಅದಕ್ಕಿಂತ ಸಣ್ಣ ಪಾಲು ಅದನ್ನ ತಿನ್ನೋ ಜೀವಿಗೆ, ಹಾಗಾಗಿ ಪ್ರತಿ ಮೆಟ್ಟಿಲಲ್ಲೂ ಸಂಖ್ಯೆಗೆ ತಾನಾಗೇ ಒಂದು ಕಡಿವಾಣ ಇರುತ್ತೆ. ಹೊರಗಿಂದ ಊಟ ಸುರಿದಾಗ ಆ ಕಡಿವಾಣ ಕೆಲಸ ಮಾಡಲ್ಲ.

ಶತ್ರು ಇಲ್ವಾ ಅಂತ ಕೇಳ್ತಾರೆ. ಇದ್ದಾವೆ. ಚಳಿಗಾಲಕ್ಕೆ ಬರೋ ಡೇಗೆ (ಫಾಲ್ಕನ್), ಬಿಜ್ಜು (ಶಿಕ್ರಾ) ತರದ ಬೇಟೆ ಹಕ್ಕಿಗಳು, ಮರಿ ಕದಿಯೋ ಕಾಗೆ ಎಲ್ಲ. ಆದ್ರೆ ಡೇಗೆ ವರ್ಷಕ್ಕೆ ಒಂದೇ ಸಲ ಮರಿ ಮಾಡೋ ಹಕ್ಕಿ, ಅದಕ್ಕೆ ವಿಶಾಲ ಜಾಗ ಬೇಕು, ವರ್ಷಕ್ಕೆ ನಾಲ್ಕೈದು ಸಲ ಮರಿ ಮಾಡೋ ಪಾರಿವಾಳದ ವೇಗಕ್ಕೆ ಅದು ಯಾವತ್ತೂ ಸಾಟಿ ಆಗಲ್ಲ.

ಬಾಸೆಲ್ ಊರಲ್ಲಿ ಆಗಿದ್ದು

ಇದೆಲ್ಲ ಬರೀ ಸಿದ್ಧಾಂತ ಅಲ್ಲ ಅನ್ನೋದಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರು ಸಾಕ್ಷಿ. ಅಲ್ಲಿ 1961ರಿಂದ 1985ರ ತನಕ ಸುಮಾರು ಒಂದು ಲಕ್ಷ ಪಾರಿವಾಳ ಹಿಡಿದು ಗುಂಡು ಹೊಡೆದು ಸಾಯಿಸಿದ್ರು. ಊರಿನ ಪಾರಿವಾಳದ ಸಂಖ್ಯೆ ಎಷ್ಟು ಕಮ್ಮಿ ಆಯ್ತು? ಆಗ್ಲೇ ಇಲ್ಲ, ಇಪ್ಪತ್ತು ಸಾವಿರದ ಹತ್ರಾನೇ ಉಳೀತು. ಯಾಕಂದ್ರೆ ಊಟ ಅಷ್ಟೇ ಇತ್ತು. ಐವತ್ತು ಊಟ ಬಡಿಸೋ ಖಾನಾವಳಿಯಿಂದ ಹತ್ತು ಜನರನ್ನ ಹೊರಗೆ ಹಾಕಿದ್ರೆ ನಾಳೆ ಬೇರೆ ಹತ್ತು ಜನ ಬಂದು ಕೂರ್ತಾರೆ, ಎಲೆ ಹಾಕೋದು ಕಮ್ಮಿ ಆಗೋ ತನಕ ಪಂಕ್ತಿ ಕಮ್ಮಿ ಆಗಲ್ಲ. ಸತ್ತ ಹಕ್ಕಿಯ ಪಾಲಿನ ಕಾಳು ಉಳಿದ ಹಕ್ಕಿಯ ಮರಿಗೆ ಹೋಗುತ್ತೆ, ಮೊದಲಾಗಿದ್ರೆ ಸಾಯ್ತಿದ್ದ ಎಳೇ ಹಕ್ಕಿಗಳು ಬದುಕಿಕೊಳ್ತವೆ, ಅಷ್ಟೇ.

1988ರಿಂದ ಅಲ್ಲಿ ದಾರಿ ಬದಲಾಯ್ತು. ಡೇನಿಯಲ್ ಹಾಗ್-ವಾಕರ್ನಾಗೆಲ್ ಅನ್ನೋ ಜೀವವಿಜ್ಞಾನಿಯ ಕೆಲಸದ ಮೇಲೆ ಒಂದು ಅಭಿಯಾನ ಮಾಡಿದ್ರು. ಪಾರಿವಾಳ ಕೆಟ್ಟದು ಅಂತ ಹೇಳ್ಲಿಲ್ಲ. ನೀವು ಕಾಳು ಹಾಕೋದ್ರಿಂದ ಹಕ್ಕಿಗೇ ಕಷ್ಟ, ಕಿಕ್ಕಿರಿದ ಗೂಡಲ್ಲಿ ರೋಗ ಹರಡುತ್ತೆ, ಮರಿಗಳು ಸಾಯ್ತವೆ ಅಂತ ಪೋಸ್ಟರ್ ಮಾಡಿ ಜನರಿಗೆ ಹೇಳಿದ್ರು. ಕೆಲವು ಕಟ್ಟಡಗಳಲ್ಲಿ ನೋಡಿಕೊಳ್ಳೋ ಗೂಡುಮನೆ ಮಾಡಿ ಅಲ್ಲಿ ಮೊಟ್ಟೆ ತೆಗೆದ್ರು, ಊಟ ಕಮ್ಮಿ ಆದಾಗ ಹಕ್ಕಿ ಹಸಿವಲ್ಲಿ ನರಳಬಾರದು ಅಂತ ಒಂದಷ್ಟು ಹಕ್ಕಿ ಹಿಡಿದು ತೆಗೆದದ್ದೂ ಉಂಟು. ನಾಲ್ಕು ವರ್ಷದಲ್ಲಿ ಸಂಖ್ಯೆ ಅರ್ಧಕ್ಕೆ ಬಂತು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲೂ ಕಾಳು ಮಾರೋದನ್ನ ನಿಲ್ಸಿ 2003ರಲ್ಲಿ ಕಾಳು ಹಾಕೋದಕ್ಕೂ ನಿಷೇಧ ತಂದ್ಮೇಲೆ ಸಾವಿರಗಟ್ಟಲೆ ಇದ್ದ ಹಕ್ಕಿ ನೂರರ ಲೆಕ್ಕಕ್ಕೆ ಇಳೀತು.

ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಕಾಳು ಹಾಕೋದು ಪಾರಿವಾಳದ ಹಸಿವನ್ನ ನೀಗಿಸಲ್ಲ, ಹಸಿದಿರೋ ಪಾರಿವಾಳಗಳ ಸಂಖ್ಯೆಯನ್ನ ಹೆಚ್ಚಿಸುತ್ತೆ. ಇವತ್ತು ನೂರು ಹಕ್ಕಿಗೆ ಸಾಕಾದ ಕಾಳು ಇನ್ನೊಂದಷ್ಟು ಕಾಲಕ್ಕೆ ಇನ್ನೂರಾದ ಹಕ್ಕಿಗೆ ಸಾಲಲ್ಲ. ಮತ್ತೆ ಅದೇ ಹಸಿವು, ಅದೇ ಕಿತ್ತಾಟ, ಅದಕ್ಕಿಂತ ಹೆಚ್ಚು ಸಾಯೋ ಮರಿಗಳು. ಜೀವದಯೆಯನ್ನ ನಿಜವಾಗಿ ನಂಬೋರು ಈ ಲೆಕ್ಕವನ್ನ ಡಾಕ್ಟರುಗಳ ಮಾತಿಗಿಂತಲೂ ಮೊದಲು ಕೇಳಿಸಿಕೊಳ್ಬೇಕು ಅಂತ ನನ್ನ ಅಭಿಪ್ರಾಯ.

ಗುಬ್ಬಿಗೆ ಯಾಕೆ ಲಾಭ ಆಗ್ಲಿಲ್ಲ

ಕಾಳು ಗುಬ್ಬಿಯೂ ತಿನ್ನುತ್ತಲ್ಲ ಅಂತ ಒಂದು ಮಾತು ಬರುತ್ತೆ. ದೊಡ್ಡ ಗುಬ್ಬಿ ತಿನ್ನುತ್ತೆ, ಮರಿಗೆ ಮೊದಲ ದಿನಗಳಲ್ಲಿ ಹುಳುಹುಪ್ಪಟೆ ಬೇಕು, ಹುಳಕ್ಕೆ ಗಿಡ, ಪೊದೆ, ಮಣ್ಣು ಬೇಕು. ಕಾಂಕ್ರೀಟಲ್ಲಿ ಅದಿಲ್ಲ. ಹಾಗಾಗಿ ಒಂದೇ ಚಪ್ಪಡಿ ಮೇಲೆ ಅದೇ ಕಾಳು ಸುರಿದ್ರೂ ಒಂದು ಹಕ್ಕಿಯ ಸಂಖ್ಯೆ ಏರುತ್ತೆ ಇನ್ನೊಂದರದ್ದು ಏರಲ್ಲ. ಪರಿಸರದಲ್ಲಿ ನಾವು ಏನೋ ಒಂದನ್ನ ಸುರಿದಾಗ ಅದು ಎಲ್ಲರಿಗೂ ಸಮನಾಗಿ ಹಂಚಿಹೋಗಲ್ಲ, ಯಾರ ನಿಶ್‌ಗೆ ಹೊಂದುತ್ತೋ ಅವರಿಗೆ ಹೋಗುತ್ತೆ. 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿ ವರದಿಯಲ್ಲಿ ನೂರಾರು ಜಾತಿಯ ಹಕ್ಕಿ ಕಮ್ಮಿ ಆಗ್ತಿರೋ ಪಟ್ಟಿಯಲ್ಲಿದ್ರೆ ಪಾರಿವಾಳ ಜೋರಾಗಿ ಹೆಚ್ಚಿದ ಕೆಲವೇ ಹಕ್ಕಿಗಳಲ್ಲಿ ಒಂದು.

ಇನ್ನೊಂದು ಜೀವಿಗೂ ಲಾಭ ಆಗುತ್ತೆ, ಇಲಿ ಹೆಗ್ಗಣಕ್ಕೆ. ಹಕ್ಕಿ ಬಿಟ್ಟ ಕಾಳು ರಾತ್ರಿ ಅವುಗಳ ಪಾಲು. ಮಳೆಗಾಲದಲ್ಲಿ ನಿಂತ ನೀರಿಗೆ ಇಲಿಯ ಮೂತ್ರ ಸೇರಿ ಲೆಪ್ಟೋಸ್ಪೈರೋಸಿಸ್, ಅಂದ್ರೆ ಇಲಿಜ್ವರ ಬರೋದು ಮುಂಬೈನವರಿಗೆ ಹೊಸದಾಗಿ ಹೇಳ್ಬೇಕಿಲ್ಲ.

ಹಿಕ್ಕೆ ಮಣ್ಣಿಗೆ ಹೋಗ್ಬೇಕಿತ್ತು

ಒಂದು ಪಾರಿವಾಳ ವರ್ಷಕ್ಕೆ ಹತ್ತು ಹನ್ನೆರಡು ಕೆಜಿ ಹಿಕ್ಕೆ ಹಾಕುತ್ತೆ. ಇರಾನಿನ ಇಸ್ಫಹಾನ್ ಸುತ್ತ 17ನೇ ಶತಮಾನದಲ್ಲಿ ದೊಡ್ಡ ದೊಡ್ಡ ಪಾರಿವಾಳದ ಗೋಪುರ ಕಟ್ಟಿದ್ರು, ಒಂದೊಂದರಲ್ಲಿ ಸಾವಿರಾರು ಗೂಡು, ಬರೀ ಹಿಕ್ಕೆಗೋಸ್ಕರ, ಖರ್ಬೂಜದ ಹೊಲಕ್ಕೆ ಗೊಬ್ಬರ ಅದು. ಅಲ್ಲಿ ಬಂಗಾರ ಆಗಿದ್ದು ಇಲ್ಲಿ ಯಾಕೆ ಕಾಯಿಲೆ ಆಯ್ತು? ಅಲ್ಲಿ ಅದು ಮಣ್ಣಿಗೆ ಸೇರ್ತಿತ್ತು. ಮಣ್ಣಲ್ಲಿರೋ ಬ್ಯಾಕ್ಟೀರಿಯಾ, ಶಿಲೀಂಧ್ರ, ಎರೆಹುಳ ಅದನ್ನ ಒಡೆದು ಗಿಡಕ್ಕೆ ಕೊಡ್ತಿದ್ವು, ಗಿಡ ಮತ್ತೆ ಕಾಳಾಗ್ತಿತ್ತು, ಚಕ್ರ ಸುತ್ತುತ್ತಿತ್ತು. ಕಾಂಕ್ರೀಟಿನ ಮೇಲೆ ಆ ಕೊಳೆಸೋ ಜೀವಿಗಳಿಗೆ ಕೆಲಸ ಮಾಡೋಕೆ ಜಾಗ ಇಲ್ಲ, ಹಿಕ್ಕೆ ಬಿಸಿಲಿಗೆ ಒಣಗುತ್ತೆ, ಬಸ್ಸು ಹೋದಾಗ ಧೂಳಾಗಿ ಏಳುತ್ತೆ, ಮನೆ ಒಳಗೆ ಬರುತ್ತೆ. ಪರಿಸರ ವ್ಯವಸ್ಥೆಯಲ್ಲಿ ಕಸ ಅನ್ನೋದು ಹುಟ್ಟೋದು ಚಕ್ರ ಎಲ್ಲಿ ತುಂಡಾಗುತ್ತೋ ಅಲ್ಲಿ, ದಾದರ್ ಸರ್ಕಲ್ಲಿನಲ್ಲಿ ಅದು ಕಲ್ಲುಹಾಸಿನ ಮೇಲೆ ತುಂಡಾಗಿದೆ. ಹೊಗೆ ಧೂಳು ಬಿಟ್ಟು ಪಾರಿವಾಳ ಯಾಕೆ ಅನ್ನೋ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ, ಹೊಗೆ ಇರೋ ಊರಲ್ಲಿ ಇದು ಹೊಗೆಯ ಬದಲಿಗೆ ಬರಲ್ಲ, ಅದರ ಮೇಲೆ ಸೇರಿಕೊಳ್ಳುತ್ತೆ.

ನಾಲ್ಕು ಹೊಸ ಜಾಗದಿಂದ ಏನಾಗ್ಬಹುದು

ಈಗಿನ ವ್ಯವಸ್ಥೆಯನ್ನ ಈ ಲೆಕ್ಕದಲ್ಲಿಟ್ಟು ನೋಡಿ. ದಾದರ್‌ನಲ್ಲಿ ಕಾಳು ನಿಂತ್ರೆ ದೊಡ್ಡ ಹಕ್ಕಿಗಳು ಅಲ್ಲೇ ಕೂತು ಸಾಯಲ್ಲ, ಕೆಲವು ಕಿಲೋಮೀಟರ್ ಹಾರಿ ಹುಡುಕೋ ಶಕ್ತಿ ಅವಕ್ಕಿದೆ. ಕಿರಾಣಿ ಗೋಡೌನು, ಮಾರ್ಕೆಟ್ಟು, ಸೊಸೈಟಿಯ ಬಾಲ್ಕನಿ ಕಡೆ ಹೋಗ್ತವೆ. ಸಾಯೋದು ಗೂಡಲ್ಲಿರೋ ಮರಿಗಳು, ತಾಯಿತಂದೆ ಹೊಟ್ಟೆಗೇ ಇಲ್ಲದಾಗ ಹಾಲು ಎಲ್ಲಿಂದ ಬರ್ಬೇಕು. ಹಾಗಾಗಿ ಒಮ್ಮೆಲೇ ನಿಲ್ಸೋದು ಹಿಂಸೆ ಅನ್ನೋ ಜೈನರ ಮಾತಲ್ಲಿ ಜೀವವಿಜ್ಞಾನದ ಸತ್ಯ ಇದೆ. ತಿಂಗಳು ತಿಂಗಳು ಕಾಳಿನ ಅಳತೆ ಇಳಿಸ್ತಾ ಹೋದ್ರೆ ಹಕ್ಕಿ ಸಾಯೋದಕ್ಕಿಂತ ಹೆಚ್ಚಾಗಿ ಮೊಟ್ಟೆ ಇಡೋದು ಕಮ್ಮಿ ಮಾಡುತ್ತೆ, ಹುಡುಕೋದ್ರಲ್ಲೇ ಹೊತ್ತು ಹೋಗುತ್ತೆ. ಮುಚ್ಚಬೇಕೋ ಬೇಡವೋ ಅಂತ ಜಗಳ ಆಡೋ ಬದಲು ಎಷ್ಟು ವೇಗವಾಗಿ ಇಳಿಸ್ಬೇಕು ಅಂತ ಕೂತು ಮಾತಾಡಿದ್ರೆ ಇಬ್ಬರಿಗೂ ಒಪ್ಪಿಗೆಯಾಗೋ ಜಾಗ ಸಿಗ್ತಿತ್ತು.

ನಾಲ್ಕು ಜಾಗದ ವ್ಯವಸ್ಥೆ ಹಾಗೆ ಮಾಡುತ್ತಾ? ಹೊತ್ತಿಗೆ ಮಿತಿ ಇದೆ, ಕಾಳಿನ ತೂಕಕ್ಕೆ ಮಿತಿ ಇರೋದು ಅದಕ್ಕಿಂತ ಮುಖ್ಯ. ಎರಡು ಗಂಟೇಲಿ ಹತ್ತು ಮೂಟೆ ಸುರಿದ್ರೂ ಧಾರಣಾ ಸಾಮರ್ಥ್ಯ ಮೊದಲಿನಷ್ಟೇ ಇರುತ್ತೆ, ಜಾಗ ಮಾತ್ರ ಬೇರೆ ಆಯ್ತು. ದಾದರ್‌ನವರ ಕಿಟಕಿಯಿಂದ ಹೋದ ತೊಂದರೆ ವರ್ಲಿಯವರ ಕಿಟಕಿಗೆ ಬರುತ್ತೆ. ನನಗೆ ಹೆಚ್ಚು ಚಿಂತೆ ಆಗೋದು ಲೋಖಂಡ್‌ವಾಲಾ ಹಿಂದಿನ ಜಾಗದ್ದು. ಕಾಂಡ್ಲಾ ಕಾಡು ತನ್ನದೇ ಲೆಕ್ಕದಲ್ಲಿ ನಡೆಯೋ ವ್ಯವಸ್ಥೆ, ಬಿದ್ದ ಎಲೆಯನ್ನ ಏಡಿಗಳು ತಿಂದು, ಕೆಸರಲ್ಲಿ ಕೊಳೆತು, ಉಬ್ಬರದ ನೀರಲ್ಲಿ ಮೀನಿನ ಮರಿಗಳಿಗೆ ಆಹಾರ ಆಗೋದು ಅಲ್ಲಿಯ ಚಕ್ರ. ಪಾರಿವಾಳ ಆ ಕಾಡಿನ ಹಕ್ಕಿ ಅಲ್ಲ. ಅಂಚಲ್ಲಿ ದಿನಾ ಕಾಳು ಬಿದ್ರೆ ಪಾರಿವಾಳದ ಜೊತೆ ಕಾಗೆ, ಹದ್ದು, ಹೆಗ್ಗಣ, ಬೀದಿನಾಯಿ ಎಲ್ಲ ಸೇರ್ತವೆ, ಕಾಗೆ ಹೆಗ್ಗಣ ಎರಡೂ ಬೇರೆ ಹಕ್ಕಿಯ ಮೊಟ್ಟೆ ಮರಿ ಬಿಡಲ್ಲ. ಪಾರಿವಾಳಕ್ಕೆ ಹಾಕಿದ ಕಾಳಿನ ಬೆಲೆಯನ್ನ ಅಲ್ಲಿ ಗೂಡು ಕಟ್ಟೋ ಸಣ್ಣ ಹಕ್ಕಿಗಳು ಕಟ್ಬೇಕಾಗುತ್ತೆ.

ಬಲೆಯ ಮಾತೂ ಒಂದಿದೆ. ಸೊಸೈಟಿಗಳಲ್ಲಿ ಒಬ್ಬರಾದ್ಮೇಲೆ ಒಬ್ಬರು ಬಾಲ್ಕನಿಗೆ ನೆಟ್ ಹಾಕಿಸ್ತಿದ್ದಾರೆ, ಒಬ್ಬರು ಹಾಕಿಸಿದ್ರೆ ಹಕ್ಕಿ ಪಕ್ಕದ ಮನೆಗೆ ಹೋಗುತ್ತೆ. ಗೂಡಿನ ಸಂದುಗಳನ್ನ ಇಡೀ ಬಿಲ್ಡಿಂಗಿಗೆ ಒಟ್ಟಿಗೆ ಮುಚ್ಚಿಸಿದ್ರೆ, ಅದೂ ಒಳಗೆ ಮೊಟ್ಟೆ ಮರಿ ಇಲ್ಲ ಅಂತ ನೋಡಿ ಮುಚ್ಚಿಸಿದ್ರೆ ಉಪಯೋಗ ಇದೆ. ಕಾಳು ಹರಿಯೋದು ಹಾಗೇ ಇದ್ದಾಗ ಬಲೆ ಒಂದು ಮನೆಯ ರಕ್ಷಣೆ ಮಾತ್ರ, ಊರಿನ ಸಂಖ್ಯೆಗೆ ಅದರಿಂದ ಏನೂ ಆಗಲ್ಲ.

ಎಣಿಸೋರು ಬೇಕು

ಬಾಸೆಲ್‌ನಲ್ಲಿ ಅರ್ಧ ಆಯ್ತು ಅಂತ ಹೇಳೋಕೆ ಆಗಿದ್ದು ಅವರು ಶುರುವಿನಿಂದ ಕೊನೇವರೆಗೂ ಹಿಂಡುಗಳನ್ನ ಎಣಿಸಿದ್ದಕ್ಕೆ. ಇಲ್ಲೂ ನಾಲ್ಕು ಜಾಗದಲ್ಲಿ ದಿನಾ ಎಷ್ಟು ಕೆಜಿ ಕಾಳು ಬೀಳ್ತು ಅಂತ ಒಂದು ರಿಜಿಸ್ಟರು, ಆ ಜಾಗಗಳಲ್ಲಿ ಮತ್ತೆ ಹಳೇ ಕಬೂತರ್‌ಖಾನಾಗಳ ಸುತ್ತ ತಿಂಗಳಿಗೊಮ್ಮೆ ಒಂದೇ ಹೊತ್ತಲ್ಲಿ ಹಕ್ಕಿ ಎಣಿಕೆ, ಸುತ್ತಲಿನ ದವಾಖಾನೆಗಳಲ್ಲಿ ಉಸಿರಾಟದ ದೂರು ಎಷ್ಟು ಬಂತು ಅನ್ನೋ ದಾಖಲೆ, ಇಷ್ಟನ್ನ ಪಾಲಿಕೆ ಇಟ್ಟು ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರೆ ಒಂದೆರಡು ವರ್ಷದಲ್ಲಿ ಗೊತ್ತಾಗುತ್ತೆ. ಕಾಳಿನ ತೂಕ ಇಳಿದು ಹಕ್ಕಿಯ ಸಂಖ್ಯೆಯೂ ಇಳಿದ್ರೆ ವ್ಯವಸ್ಥೆ ಸರಿದಾರಿಯಲ್ಲಿದೆ. ತೂಕ ಇಳಿದೂ ಸಂಖ್ಯೆ ಇಳೀದಿದ್ರೆ ಊಟ ಬೇರೆ ಕಡೆಯಿಂದ, ಅಂದ್ರೆ ಕದ್ದು ಹಾಕೋರಿಂದಲೋ ಮಾರ್ಕೆಟ್ಟಿನ ಕಸದಿಂದಲೋ ಬರ್ತಿದೆ ಅಂತ, ಆಗ ಹುಡುಕಬೇಕಾದ್ದು ಅಲ್ಲಿ. ಎಲ್ಲಕ್ಕಿಂತ ಮೊದಲ ಎಣಿಕೆ ಬೇಗ ಆಗ್ಬೇಕು, ಶುರುವಿನ ಸಂಖ್ಯೆ ಕೈಲಿಲ್ಲದೇ ಹೋದ್ರೆ ಆಮೇಲಿನ ಯಾವ ಸಂಖ್ಯೆಯನ್ನೂ ಯಾವುದಕ್ಕೂ ಹೋಲಿಸೋಕೆ ಬರಲ್ಲ.